ಸೊನ್ನೆ ಬೇರೆ, ಖಾಲಿ ಬೇರೆ

ಧಾರವಾಡದಿಂದ ಅವ್ವ ವರ್ಷಕ್ಕೆ ಎರಡು ಸಲ ಪುಣೆಗೆ ಬರುತ್ತಾಳೆ. ಬಂದ ಮಾರನೆಯ ದಿನ ಚಹಾ ಕುಡಿಯುವಾಗ ಒಂದು ಪ್ರಶ್ನೆ ಖಾಯಂ. "ನೀ ಖರೇನ ಏನ ಕೆಲಸಾ ಮಾಡ್ತೀಪಾ? ಓಣ್ಯಾಗ ಯಾರರ ಕೇಳಿದ್ರ ಏನಂತ ಹೇಳ್ಲಿ?" ಹಿಂಜವಡಿಯಲ್ಲಿ ಕಂಪನಿ, ವಾಕಡದಲ್ಲಿ ಬಾಡಿಗೆ ಮನೆ, ನಡುವೆ ಭೂಮಕರ್ ಚೌಕದ ಟ್ರಾಫಿಕ್ಕು. ಇಷ್ಟನ್ನು ಹೇಳಬಲ್ಲೆ. ಅದರಾಚೆಗಿನದನ್ನು ಹೇಳಲು ಹನ್ನೊಂದು ವರ್ಷದಿಂದ ಒದ್ದಾಡುತ್ತಿದ್ದೇನೆ. ಕಳೆದ ದೀಪಾವಳಿಗೆ ಬಂದಾಗ ಆಕೆ ತಂದ ಬುತ್ತಿಯ ಗಂಟನ್ನೇ ಮುಂದಿಟ್ಟುಕೊಂಡು ಹೇಳಿ ನೋಡಿದೆ. ಆಕೆಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಹೇಳುತ್ತ ಹೋದಂತೆ ನನಗೇ ನನ್ನ ಒಂದು ಹಳೆಯ ತಪ್ಪು ಇನ್ನಷ್ಟು ಸ್ಪಷ್ಟವಾಗಿ ಕಂಡಿತು. ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಲ್ಲಿ ಇದೇ ಕೆಲಸ ಮಾಡುವ ನಮ್ಮವರು ಈ ಪತ್ರಿಕೆಯನ್ನು ಸಾಕಷ್ಟು ಜನ ಓದುತ್ತೀರಿ. ಬರೆಯುತ್ತಿರುವುದು ಅದಕ್ಕೇ.

ಊರಿಂದ ರಾತ್ರಿ ಬಸ್ಸು ಹತ್ತುವಾಗ ಅವ್ವ ಕಟ್ಟುವ ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಡಬ್ಬಿ, ಉಪ್ಪಿನಕಾಯಿ, ಜೊತೆಗೆ ಒಂದು ಚಮಚ ಎಲ್ಲ ಇರುತ್ತವೆ. ಅದನ್ನು ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಬಿಚ್ಚಿದರೂ ಊಟ, ಸಾತಾರಾ ದಾಟಿ ಬಿಚ್ಚಿದರೂ ಅದೇ ಊಟ. ಹೋಟೆಲಿನವನ ಮುಂದೆ ತಟ್ಟೆಗೂ ಕೈಚಾಚಬೇಕಿಲ್ಲ. ಸಾಫ್ಟ್‌ವೇರಿಗೂ ಹೀಗೆ ಬುತ್ತಿ ಕಟ್ಟುವ ಪದ್ಧತಿಯನ್ನು 2013ರಲ್ಲಿ ಡಾಕರ್ ಎಂಬ ಉಪಕರಣ ಮನೆಮಾತಾಗಿಸಿತು. ಒಂದು ಪ್ರೋಗ್ರಾಮು ನಡೆಯಲು ಬೇಕಾದ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಡುವುದು. ಕಟ್ಟಿ ಇಟ್ಟ ಗಂಟು ಇಮೇಜ್. ಅದನ್ನು ಬಿಚ್ಚಿ ಊಟಕ್ಕೆ ಕುಳಿತರೆ ಕಂಟೇನರ್. ಗಂಟುಗಳನ್ನು ಸಾಲಾಗಿ ಜೋಡಿಸಿಡುವ ಕಪಾಟು ರಿಜಿಸ್ಟ್ರಿ. ಕ್ಲೌಡ್ ಎಂದರೆ ಅವ್ವ ಮೇಲೆ ನೋಡುತ್ತಾಳೆ. ನಿಜ ಹೇಳಬೇಕೆಂದರೆ ಅದು ಅಷ್ಟು ದೂರವೂ ಇಲ್ಲ. ಮೈಕ್ರೋಸಾಫ್ಟ್‌ನ ಅಝೂರ್ ತನ್ನ ನಕ್ಷೆಯಲ್ಲಿ 'ಸೆಂಟ್ರಲ್ ಇಂಡಿಯಾ' ಎಂದು ಬರೆಯುವ ಕೇಂದ್ರ 2015ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು ನಮ್ಮ ಪುಣೆಯಲ್ಲೇ. ಮರುವರ್ಷ ಅಮೆಜಾನ್ ಮುಂಬಯಿಗೆ ಬಂತು.

ಅವ್ವನ ಬುತ್ತಿಗೂ ನಮ್ಮ ಬುತ್ತಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅವ್ವ ಪ್ರತಿಯೊಂದನ್ನೂ ತಾನೇ ಮಾಡುತ್ತಾಳೆ. ನಮ್ಮದರಲ್ಲಿ ನಾವು ಮಾಡಿದ್ದು ಉಪ್ಪಿನಕಾಯಿಯ ಒಂದು ಹೋಳಿನಷ್ಟು. ತಳಕ್ಕೆ ಡೆಬಿಯನ್ನೋ ಆಲ್ಪೈನೋ, ಅದರ ಮೇಲೆ ಜಾವಾ ಅಥವಾ ನೋಡ್, ಅದರ ಮೇಲೆ ಯಾವ ಯಾವುದೋ ದೇಶದ ಯಾರು ಯಾರೋ ಪುಕ್ಕಟೆಯಾಗಿ ಬರೆದುಕೊಟ್ಟ ನೂರಾರು ಲೈಬ್ರರಿಗಳು. ರೊಟ್ಟಿ ಖಾನಾವಳಿಯದು, ಹಿಂಡಿ ಪರಿಚಯವಿಲ್ಲದವರು ಕೊಟ್ಟದ್ದು, ಮೊಸರು ಎಂದಿನದೋ. ಇದರಲ್ಲಿ ಯಾವುದು ಕೆಟ್ಟಿದೆ ಎಂದು ನೋಡುವ ಕೆಲಸಕ್ಕೆ ವಲ್ನರಬಿಲಿಟಿ ಸ್ಕ್ಯಾನಿಂಗ್ ಎನ್ನುತ್ತಾರೆ.

ಈ ಸ್ಕ್ಯಾನರ್ ಬಗ್ಗೆ ನನಗೇ ಬಹಳ ದಿನ ಒಂದು ತಪ್ಪು ಕಲ್ಪನೆಯಿತ್ತು. ಅದು ರುಚಿ ನೋಡುತ್ತದೆ ಎಂದುಕೊಂಡಿದ್ದೆ. ಇಲ್ಲ, ಅದು ಬಹುಮಟ್ಟಿಗೆ ಚೀಟಿ ಓದುತ್ತದೆ. ಡೆಬಿಯನ್‌ನಲ್ಲಿ ಪ್ರತಿ ಪ್ಯಾಕೇಜಿನ ಹೆಸರು, ಆವೃತ್ತಿ ಒಂದು ಕಡತದಲ್ಲಿ ದಾಖಲಾಗಿರುತ್ತದೆ. ಜಾವಾ ಜಾರ್ ಕಡತದೊಳಗೂ ಅಂಥದೇ ಚೀಟಿ ಇರುತ್ತದೆ. ಸ್ಕ್ಯಾನರ್ ಅವನ್ನೆಲ್ಲ ಕೂಡಿಸಿ ಒಂದು ಯಾದಿ ಮಾಡುತ್ತದೆ. ಇಂಥ ಮಾಲಿನ ಇಂಥ ಆವೃತ್ತಿ ಕೆಟ್ಟಿದೆ ಎಂದು ಜಗತ್ತಿಗೆಲ್ಲ ಡಂಗುರ ಸಾರುವ ಇನ್ನೊಂದು ಪಟ್ಟಿ ಇದೆ. ಅದು ಸಿವಿಇ; 1999ರಿಂದ ಅಮೆರಿಕದ ಮೈಟರ್ ಸಂಸ್ಥೆ ನಡೆಸಿಕೊಂಡು ಬಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದೇ ಸ್ಕ್ಯಾನ್. 2024 ಒಂದೇ ವರ್ಷದಲ್ಲಿ ಆ ಪಟ್ಟಿಗೆ 40 ಸಾವಿರಕ್ಕೂ ಹೆಚ್ಚು ಹೊಸ ನಮೂದುಗಳು ಸೇರಿದವು. ಇದರಿಂದ ಎರಡು ಮಾತು ತಾನಾಗಿ ಹುಟ್ಟುತ್ತವೆ. ಚೀಟಿ ಇಲ್ಲದ ಮಾಲು ಸ್ಕ್ಯಾನರಿನ ಕಣ್ಣಿಗೆ ಬೀಳುವುದು ಕಷ್ಟ. ಇಂದು ಪಟ್ಟಿಯಲ್ಲಿಲ್ಲದ್ದು ನಾಳೆ ಇರಬಹುದು. ಬುತ್ತಿ ಅದೇ, ಒಂದು ಅಗುಳೂ ಬದಲಾಗಿಲ್ಲ, ಆದರೂ ರಾತ್ರಿ ಬೆಳಗಾಗುವುದರೊಳಗೆ ಅದು ಕೆಟ್ಟದ್ದಾಗಿರುತ್ತದೆ. (2025ರ ಏಪ್ರಿಲ್‌ನಲ್ಲಿ ಆ ಪಟ್ಟಿಯ ಸರಕಾರಿ ಹಣವೇ ನಿಲ್ಲುವ ಹಂತಕ್ಕೆ ಬಂದು, ಕಡೆಯ ಗಳಿಗೆಯಲ್ಲಿ ಗುತ್ತಿಗೆ ಮುಂದುವರಿಯಿತು. ಜಗತ್ತಿನ ಅರ್ಧ ಸ್ಕ್ಯಾನರುಗಳು ನಿಂತಿರುವ ನೆಲ ಎಷ್ಟು ತೆಳುವೆಂದು ಆವತ್ತು ಗೊತ್ತಾಯಿತು.)

ಇನ್ನು ನನ್ನ ಕತೆ.

ನಾನಿರುವುದು ಒಂದು ಚಿಕ್ಕ ಕಂಪನಿ. ಹೆಸರು ಬೇಡ. ಆಸ್ಪತ್ರೆಗಳಿಗೆ, ರಕ್ತ ಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಕೊಡುತ್ತೇವೆ. ನಿಮ್ಮ ಸಕ್ಕರೆ ಪ್ರಮಾಣ, ಥೈರಾಯ್ಡು, ಎಚ್‌ಐವಿ ಪರೀಕ್ಷೆಯ ಫಲಿತಾಂಶ ಮೊಬೈಲಿಗೆ ಪಿಡಿಎಫ್ ಆಗಿ ಬರುತ್ತದಲ್ಲ, ಅದರ ಹಿಂದೆ ಇರುವಂಥದ್ದು. ಅದು ಹೊರಗೆ ಹೋದರೆ ಬ್ಯಾಂಕಿನ ದುಡ್ಡಿನಂತೆ ವಾಪಸ್ ತುಂಬಿಕೊಡಲು ಬರುವುದಿಲ್ಲ.

2021ರ ಡಿಸೆಂಬರ್ 10, ಶುಕ್ರವಾರ. ಈ ತಾರೀಖು ನಮ್ಮ ಕಸುಬಿನವರಿಗೆ ಮರೆಯುವಂಥದ್ದಲ್ಲ. ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯಲ್ಲಿ ದೋಷವಿದೆಯೆಂದು ಊರೆಲ್ಲ ಸುದ್ದಿಯಾದ ದಿನ. ಸಿವಿಇ-2021-44228, ತೀವ್ರತೆ ಹತ್ತಕ್ಕೆ ಹತ್ತು. ಅಲಿಬಾಬಾ ಕ್ಲೌಡ್‌ನ ಭದ್ರತಾ ತಂಡ ನವೆಂಬರ್ 24ರಂದೇ ಅಪಾಚೆ ಸಂಸ್ಥೆಗೆ ಗುಟ್ಟಾಗಿ ತಿಳಿಸಿತ್ತು. ಬಹಿರಂಗವಾದದ್ದು ಆಗ.

ಈ ದೋಷ ಎಂಥದ್ದೆಂದು ಅವ್ವನಿಗೆ ಹೇಳಿದ್ದು ಹೀಗೆ. ನಮ್ಮ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಕಾಕಾ ಒಂದು ರಜಿಸ್ಟರ್ ಇಟ್ಟುಕೊಂಡಿದ್ದಾರೆ. ಬಂದವರ ಹೆಸರು, ಫ್ಲಾಟ್ ನಂಬರು ಬರೆಯುವುದು ಅವರ ಕೆಲಸ. ಯಾರೋ ಬಂದು ಹೆಸರಿನ ಜಾಗದಲ್ಲಿ "ಇಂಥ ವಿಳಾಸಕ್ಕೆ ಹೋಗಿ ಅಲ್ಲಿ ಕೊಡುವ ಪೊಟ್ಟಣವನ್ನು ಒಳಗೆ ತಂದು ಬಿಚ್ಚು" ಎಂದು ಬರೆಸುತ್ತಾನೆ. ಕಾಕಾ ಅದನ್ನು ಬರೆದುಕೊಳ್ಳುತ್ತಾರೆ. ಬರೆದುಕೊಂಡು ಹಾಗೇ ಮಾಡಿಯೂ ಬಿಡುತ್ತಾರೆ. ಲಾಗ್‌ಫೋರ್‌ಜೆ ಮಾಡುತ್ತಿದ್ದದ್ದು ಅದನ್ನೇ. ದಾಖಲೆ ಬರೆಯಬೇಕಾದ ಲೈಬ್ರರಿ, ದಾಖಲೆಯಲ್ಲಿ ಬಂದ ಅಪ್ಪಣೆಯನ್ನು ಪಾಲಿಸುತ್ತಿತ್ತು. ಅವ್ವ ನಕ್ಕಳು. "ಅಂವಾ ಹುಚ್ಚ ಅದಾನೇನ?" ಹುಚ್ಚನಲ್ಲ, ಬಹಳ ವಿಧೇಯ.

ಆ ಶನಿವಾರ, ಭಾನುವಾರ ಆರು ಜನ ವಾಕಡದ ನನ್ನ ಮನೆಯಲ್ಲೇ ಕುಳಿತು ಹುಡುಕಿದೆವು. ಎಲ್ಲೆಲ್ಲಿ ಲಾಗ್‌ಫೋರ್‌ಜೆ ಇದೆ ಎಂಬ ಸರಳ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಯಾದಿ ಇರಲಿಲ್ಲ. ಸೋರ್ಸ್ ಕೋಡಿನ ಒಂದೊಂದೇ ಭಂಡಾರ ತೆರೆದು ನೋಡುವುದು, ಬದಲಿಸುವುದು, ಮತ್ತೆ ಕಟ್ಟುವುದು. 2.15 ಬಂತು, ಅದು ಸಾಲದೆಂದು ಕೆಲವೇ ದಿನಗಳಲ್ಲಿ 2.16, ಆಮೇಲೆ 2.17, ವರ್ಷ ಮುಗಿಯುವ ಮುಂಚೆ 2.17.1. ಮೂರು ವಾರದಲ್ಲಿ ನಾಲ್ಕು ಸಲ ಅದೇ ಕೆಲಸ. ಕ್ರಿಸ್ಮಸ್‌ಗೆ ಗೋವಾ ಎಂದುಕೊಂಡಿದ್ದ ಹುಡುಗರ ಮುಖ ಈಗಲೂ ನೆನಪಿದೆ.

ಇನ್ನೊಮ್ಮೆ ಹೀಗಾಗಬಾರದೆಂದು 2022ರ ಜನವರಿಯಲ್ಲಿ ಕ್ಲೌಡಿನ ಸ್ಕ್ಯಾನಿಂಗ್ ಶುರು ಮಾಡಿದೆವು. ಮಾಡಿದ್ದು ನಾನೇ. ಕನ್ಸೋಲಿನಲ್ಲಿ ಒಂದು ಗುಂಡಿ, "ಸಕ್ರಿಯಗೊಳಿಸಿ", ಅಷ್ಟೇ. ಹತ್ತು ನಿಮಿಷದ ಕೆಲಸ. ಮರುದಿನ ಬೆಳಿಗ್ಗೆ ಸಾವಿರದ ಒಂಬೈನೂರು ಚಿಲ್ಲರೆ ದೋಷಗಳ ಪಟ್ಟಿ ಪರದೆಯ ಮೇಲೆ. ಇದನ್ನು ಅನುಭವಿಸಿದವರಿಗೆ ಆ ಸಂಕಟ ಗೊತ್ತು. ಎಲ್ಲಿಂದ ಶುರು ಮಾಡುವುದು? ಅರ್ಧಕ್ಕೆ ಪರಿಹಾರವೇ ಬಂದಿಲ್ಲ. ಮತ್ತೆ ಕಾಲುಭಾಗ ನಾವು ಮುಟ್ಟದೇ ಇರುವ ಪ್ಯಾಕೇಜುಗಳಲ್ಲಿ. ಎರಡು ವಾರ ಎಲ್ಲರೂ ಉತ್ಸಾಹದಿಂದ ನೋಡಿದರು. ಮೂರನೆಯ ವಾರ ಆ ಇಮೇಲುಗಳಿಗೆ ಒಂದು ಬೇರೆ ಫೋಲ್ಡರ್ ಆಯಿತು. ಯಾರನ್ನೂ ದೂರುತ್ತಿಲ್ಲ, ಫೋಲ್ಡರ್ ಮಾಡಿದವರಲ್ಲಿ ನಾನೂ ಒಬ್ಬ.

ಆದರೂ ನಿಧಾನಕ್ಕೆ ಇಳಿಸಿದೆವು. ಅಮೆರಿಕದ ಸಿಸಾ ಎಂಬ ಸರಕಾರಿ ಸಂಸ್ಥೆ 2021ರ ನವೆಂಬರ್‌ನಿಂದ ಒಂದು ಪಟ್ಟಿ ಇಟ್ಟಿದೆ: ದೋಷಗಳಲ್ಲಿ ಕಳ್ಳರು ನಿಜವಾಗಿ ಬಳಸುತ್ತಿರುವುದು ಯಾವುವು ಎಂದು. ಅದರಲ್ಲಿದ್ದವು ಮೊದಲು, ಪರಿಹಾರ ಬಂದಿರುವ ಗಂಭೀರ ದೋಷಗಳು ಆಮೇಲೆ ಎಂದು ಸಾಲು ಹಚ್ಚಿದೆವು. ತಳದ ಇಮೇಜನ್ನು ಚಿಕ್ಕದಕ್ಕೆ ಬದಲಿಸಿದ್ದರಿಂದಲೇ ಪಟ್ಟಿ ಅರ್ಧ ಇಳಿಯಿತು. ಇಲ್ಲದ ಮಾಲು ಕೆಡುವುದಿಲ್ಲವಲ್ಲ. 2023ರ ಮೇ ತಿಂಗಳ ಸಭೆಯಲ್ಲಿ ಡ್ಯಾಶ್‌ಬೋರ್ಡ್ ಹಸಿರಾಗಿತ್ತು. ಗಂಭೀರ ದೋಷಗಳ ಸಾಲಿನಲ್ಲಿ ಸೊನ್ನೆ. ನಾನು ಅದನ್ನು ದೊಡ್ಡ ಪರದೆಯ ಮೇಲೆ ಹಾಕಿ ತೋರಿಸಿದೆ. ಕಾಕಾ ಹಲವಾಯಿಯಿಂದ ಪೇಡೆಯೂ ಬಂತು. ಧಾರವಾಡದವನ ಮುಂದೆ ಪುಣೆಯ ಪೇಡೆ ಇಟ್ಟರೆ ಏನು ಹೇಳಬೇಕೋ ಅದನ್ನು ಹೇಳಿ, ಎರಡು ತಿಂದೆ.

ಜುಲೈ ತಿಂಗಳಲ್ಲಿ ನಮ್ಮ ಗಿರಾಕಿಯಾದ ಒಂದು ಆಸ್ಪತ್ರೆ ತನ್ನ ಕಡೆಯಿಂದ ಭದ್ರತಾ ಪರೀಕ್ಷಕರನ್ನು ನೇಮಿಸಿ ನಮ್ಮ ವ್ಯವಸ್ಥೆಯನ್ನು ಪರೀಕ್ಷೆ ಮಾಡಿಸಿತು. ಅವರು ಒಬ್ಬ ಕಾಲ್ಪನಿಕ ರೋಗಿಯನ್ನು ನೋಂದಾಯಿಸಿ, ಹೆಸರಿನ ಜಾಗದಲ್ಲಿ ಆ ಹಳೆಯ ಲಾಗ್‌ಫೋರ್‌ಜೆ ಅಪ್ಪಣೆಯನ್ನು ಬರೆದರು. ಒಂದೂವರೆ ವರ್ಷದ ಹಿಂದಿನ ತಂತ್ರ. ಹಾಗೇ ಸುಮ್ಮನೆ ನೋಡೋಣ ಎಂದು ಹಾಕಿದ್ದಂತೆ. ವರದಿ ಪಿಡಿಎಫ್ ಆಗುವ ಹೊತ್ತಿಗೆ, ಹೊರಗೆ ಅವರು ಕಾದು ಕೂತಿದ್ದ ಸರ್ವರಿಗೆ ನಮ್ಮ ಒಳಗಿನಿಂದ ಒಂದು ಕರೆ ಬಂತು. ಬಾಗಿಲು ಬಡಿದಂತೆ, ಒಂದೇ ಸಲ. ಅಷ್ಟೇ ಸಾಕಿತ್ತು.

ಇಮೇಲ್ ಬಂದಾಗ ಹೊರಗೆ ಜಡಿಮಳೆ. ಎರಡು ಸಲ ಓದಿದೆ. ಇದು ಸಾಧ್ಯವೇ ಇಲ್ಲ ಎಂದು ಬರೆಯಲು ಶುರು ಮಾಡಿ, ಅಳಿಸಿ, ಡ್ಯಾಶ್‌ಬೋರ್ಡ್ ತೆರೆದೆ. ಹಸಿರು. ಲಾಗ್‌ಫೋರ್‌ಜೆ ಎಂದು ಹುಡುಕಿದರೆ ಏನೂ ಇಲ್ಲ. ನಮ್ಮ ತಂಡದಲ್ಲಿ ಕಲಬುರಗಿಯ ಒಬ್ಬ ಹುಡುಗಿ, ಸೇರಿ ಆರು ತಿಂಗಳೂ ಆಗಿರಲಿಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು ಪಿಡಿಎಫ್ ಸೇವೆಯ ಸಾಲಿನ ಮೇಲೆ ಬೆರಳಿಟ್ಟಳು.

"ಸರ್, ಇದು ಸೊನ್ನಿ ಅಲ್ಲರಿ. ಖಾಲಿ ಅದರಿ."

ನಿಜ. ಉಳಿದ ಸಾಲುಗಳಲ್ಲಿ ಸೊನ್ನೆ ಇತ್ತು. ಆ ಸಾಲಿನಲ್ಲಿ ಒಂದು ಸಣ್ಣ ಗೆರೆ ಇತ್ತು, ಡ್ಯಾಶ್. ಸೊನ್ನೆ ಎಂದರೆ ನೋಡಿದೆ, ಏನೂ ಸಿಗಲಿಲ್ಲ ಎಂದು. ಗೆರೆ ಎಂದರೆ ನೋಡಿಯೇ ಇಲ್ಲ ಎಂದು. ಮೊತ್ತ ಕೂಡಿಸುವಾಗ ಎರಡೂ ಒಂದೇ ಆಗಿಬಿಡುತ್ತವೆ. ಮೇ ತಿಂಗಳಲ್ಲಿ ದೊಡ್ಡ ಪರದೆಯ ಮೇಲೆ ನಾನು ತೋರಿಸಿದ್ದ ಸೊನ್ನೆಯಲ್ಲಿ ಅದೂ ಸೇರಿತ್ತು.

ಸಂಜೆಯ ಹೊತ್ತಿಗೆ ಪೂರ್ತಿ ಚಿತ್ರ ಸಿಕ್ಕಿತು. ಆ ಇಮೇಜ್ ಕಟ್ಟಿದ್ದು 2021ರ ಅಕ್ಟೋಬರ್‌ನಲ್ಲಿ. ಕಟ್ಟಿದವನು ಡಿಸೆಂಬರ್ ಮುಂಚೆಯೇ ಕೆಲಸ ಬಿಟ್ಟಿದ್ದ. ಕೋಡು ಅವನದೇ ಒಂದು ಪ್ರತ್ಯೇಕ ಭಂಡಾರದಲ್ಲಿತ್ತು. ಆ ವಾರಾಂತ್ಯ ನಾವು ಹುಡುಕಿದ ಪಟ್ಟಿಯಲ್ಲಿ ಆ ಭಂಡಾರ ಇರಲೇ ಇಲ್ಲ. ಜನವರಿಯಲ್ಲಿ ನಾನು ಗುಂಡಿ ಒತ್ತಿದಾಗ ಸ್ಕ್ಯಾನಿಂಗ್ ಶುರುವಾದದ್ದು ಅಂದಿನಿಂದ ಮುಂದೆ ಕಪಾಟಿಗೆ ಬರುವ ಗಂಟುಗಳಿಗೆ. ಮೊದಲೇ ಕಪಾಟಿನಲ್ಲಿದ್ದುದನ್ನು ಅದು ಮುಟ್ಟಲಿಲ್ಲ. ಪಿಡಿಎಫ್ ಸೇವೆ ಚೆನ್ನಾಗಿ ನಡೆಯುತ್ತಿತ್ತು, ಯಾರೂ ದೂರಿರಲಿಲ್ಲ, ಆದ್ದರಿಂದ ಅದನ್ನು ಯಾರೂ ಮತ್ತೆ ಕಟ್ಟಲಿಲ್ಲ. ಚೆನ್ನಾಗಿ ನಡೆಯುವುದೇ ಅದಕ್ಕೆ ಶಾಪವಾಯಿತು.

ತಪ್ಪು ಕ್ಲೌಡಿನದಲ್ಲ. ಕೈಪಿಡಿಯಲ್ಲಿ ಬರೆದಿತ್ತು. ನಾನು ಓದಿರಲಿಲ್ಲ. ನಮ್ಮದು ಯಾವ ಕ್ಲೌಡ್ ಎಂಬುದು ಇಲ್ಲಿ ಬೇಕಿಲ್ಲ, ಏಕೆಂದರೆ ಇಂಥ ಷರತ್ತು ಒಂದಲ್ಲ ಒಂದು ರೂಪದಲ್ಲಿ ಎಲ್ಲೆಡೆ ಇದೆ. ಗೂಗಲ್‌ನಲ್ಲಿ ಕಂಟೇನರ್ ಸ್ಕ್ಯಾನಿಂಗ್ ಎಪಿಐ ಸಕ್ರಿಯಗೊಳಿಸಿದರೆ ಹಳೆಯ ಇಮೇಜುಗಳು ತಾನಾಗಿ ಸ್ಕ್ಯಾನ್ ಆಗುವುದಿಲ್ಲ, ಮತ್ತೆ ಪುಶ್ ಮಾಡಬೇಕು. 30 ದಿನ ಯಾರೂ ಪುಲ್ ಮಾಡದ ಇಮೇಜಿನ ಮಾಹಿತಿ ಹೊಸದಾಗುವುದೂ ನಿಲ್ಲುತ್ತದೆ. ಯೋಚಿಸಿ: ತಿಂಗಳುಗಟ್ಟಲೆ ಅಲುಗದೆ ನಡೆಯುತ್ತಿರುವ ಕಂಟೇನರ್ ಹೊಸದಾಗಿ ಪುಲ್ ಮಾಡುವುದೇ ಇಲ್ಲ. ಅಮೆಜಾನ್‌ನ ಬೇಸಿಕ್ ಸ್ಕ್ಯಾನಿಂಗ್‌ನಲ್ಲಿ 'ಸ್ಕ್ಯಾನ್ ಆನ್ ಪುಶ್' ಆರಿಸಿದರೆ ಪುಶ್ ಆದಾಗ ಒಮ್ಮೆ ನೋಡುತ್ತದೆ, ಅದೂ ಆಪರೇಟಿಂಗ್ ಸಿಸ್ಟಮ್ಮಿನ ಪ್ಯಾಕೇಜುಗಳನ್ನಷ್ಟೇ. ಜಾವಾ ಲೈಬ್ರರಿಗಳನ್ನೂ ನೋಡಿ, ಹೊಸ ಸಿವಿಇ ಬಂದಾಗಲೆಲ್ಲ ಮತ್ತೆ ಹೋಲಿಸಬೇಕೆಂದರೆ ಇನ್‌ಸ್ಪೆಕ್ಟರ್ ಜೋಡಿಸಿದ ಎನ್‌ಹಾನ್ಸ್ಡ್ ಸ್ಕ್ಯಾನಿಂಗ್ ಬೇಕು, ಅದಕ್ಕೆ ಬೇರೆ ಬಿಲ್ಲು. ಎಷ್ಟು ದಿನದವರೆಗೆ ಮತ್ತೆ ನೋಡುತ್ತಿರಬೇಕು ಎಂಬುದೂ ಒಂದು ಸೆಟ್ಟಿಂಗ್. ಅಝೂರ್‌ನ ಡಿಫೆಂಡರ್ ಫಾರ್ ಕಂಟೇನರ್ಸ್ ಇತ್ತೀಚೆಗೆ ಪುಶ್ ಮತ್ತು ಪುಲ್ ಆದವನ್ನೂ, ಕ್ಲಸ್ಟರಿನಲ್ಲಿ ನಡೆಯುತ್ತಿರುವವನ್ನೂ ದಿನಾ ನೋಡುತ್ತದೆ, ಆದರೆ ಆ ಕ್ಲಸ್ಟರನ್ನು ನೀವು ಅದಕ್ಕೆ ತೋರಿಸಿಕೊಟ್ಟಿರಬೇಕು. (2024ರವರೆಗೆ ಅಝೂರ್‌ನಲ್ಲಿ ಈ ಸ್ಕ್ಯಾನ್ ಕ್ವಾಲಿಸ್ ಕಂಪನಿಯ ಉಪಕರಣದಿಂದಲೂ ನಡೆಯುತ್ತಿತ್ತು. ಕ್ವಾಲಿಸ್‌ನ ದೊಡ್ಡ ತಂಡ ಕೂತಿರುವುದೂ ಪುಣೆಯಲ್ಲೇ. ಜಗತ್ತಿನ ಡಬ್ಬಿಗಳ ಮೇಲಿನ ಚೀಟಿ ಓದುವವರಲ್ಲಿ ನಮ್ಮ ಊರಿನವರೂ ಇದ್ದಾರೆನ್ನಿ.)

ಆ ವಾರ ನಿದ್ದೆ ಬಾರದ ರಾತ್ರಿಗಳಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಪ್ರಕರಣದ ಸಂಸದೀಯ ವರದಿ ಓದಿದೆ. ಜನರ ಸಾಲದ ಇತಿಹಾಸ ಕಾಯ್ದಿಡುವ ದೈತ್ಯ ಕಂಪನಿ. 2017ರ ಮಾರ್ಚ್ 7ರಂದು ಅಪಾಚೆ ಸ್ಟ್ರಟ್ಸ್ ಎಂಬ ಲೈಬ್ರರಿಯ ದೋಷ ಬಹಿರಂಗವಾಯಿತು, ಪರಿಹಾರವೂ ಬಂತು. ಕಂಪನಿ ಒಳಗೆಲ್ಲ ಸೂಚನೆ ಕಳಿಸಿತು. ಮಾರ್ಚ್ 15ರಂದು ಸ್ಕ್ಯಾನ್ ಕೂಡ ಮಾಡಿತು. ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ. ದೋಷ ಇದ್ದದ್ದು ಗ್ರಾಹಕರ ದೂರುಗಳನ್ನು ಪಡೆಯುವ ಒಂದು ಹಳೆಯ ಪೋರ್ಟಲಿನಲ್ಲಿ. ಸ್ಕ್ಯಾನರ್ ನೋಡಿದ ಜಾಗದಲ್ಲಿ ಅದು ಇರಲಿಲ್ಲ. ಮೇ ತಿಂಗಳಿಂದ ಜುಲೈ ಕೊನೆಯವರೆಗೆ ಕಳ್ಳರು ಅಲ್ಲೇ ವಾಸವಿದ್ದರು. ಹೋದದ್ದು ಸುಮಾರು 14.7 ಕೋಟಿ ಜನರ ಮಾಹಿತಿ. ಸ್ಕ್ಯಾನ್ ಮಾಡದೆ ಕೆಟ್ಟವರ ಕತೆಗಳನ್ನು ಬೇಕಾದಷ್ಟು ಕೇಳಿದ್ದೆ. ಸ್ಕ್ಯಾನ್ ಮಾಡಿ, ಏನೂ ಇಲ್ಲವೆಂದು ಬರೆದಿಟ್ಟುಕೊಂಡು ಕೆಟ್ಟವರ ಕತೆ ಓದುವಾಗ ಕೈ ತಣ್ಣಗಾಯಿತು.

ದೋಷ ಸರಿಪಡಿಸುವುದು ಒಂದು ಗಂಟೆಯ ಕೆಲಸ. ಅದು ಅಂದೇ ಮುಗಿಯಿತು. ಪಿಡಿಎಫ್ ಮಾಡುವ ಕಂಟೇನರಿಗೆ ಹೊರಗಿನ ಇಂಟರ್ನೆಟ್ಟಿಗೆ ಹೋಗುವ ದಾರಿ ಯಾಕೆ ತೆರೆದಿತ್ತು ಎಂಬ ಪ್ರಶ್ನೆಗೂ ಉತ್ತರವಿರಲಿಲ್ಲ, ಅದನ್ನೂ ಮುಚ್ಚಿದೆವು. ಉಳಿದದ್ದು ಆಸ್ಪತ್ರೆಯವರ ಒಂದೇ ಸಾಲಿನ ಪ್ರಶ್ನೆ: ಈ ಹತ್ತೊಂಬತ್ತು ತಿಂಗಳಲ್ಲಿ ಬೇರೆ ಯಾರಾದರೂ ಒಳಗೆ ಬಂದಿದ್ದರೇ?

ನಮ್ಮ ದೇಶದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದಂತೆ ಲಾಗುಗಳನ್ನು 180 ದಿನ ಇಡಬೇಕು. ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು. 180 ದಿನದ ಲಾಗು ನಮ್ಮಲ್ಲಿತ್ತು. ನಾಲ್ಕು ದಿನ ಕೂತು ಪೂರ್ತಿ ಜಾಲಾಡಿದೆವು. ಪರೀಕ್ಷಕರ ಆ ಒಂದು ಬಡಿತ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆದರೆ ಅದರ ಹಿಂದಿನ ಹದಿಮೂರು ತಿಂಗಳು? ಅಲ್ಲಿ ಮತ್ತೆ ಅದೇ ಗೆರೆ. ಸೊನ್ನೆಯಲ್ಲ.

ಉತ್ತರದ ಕರಡು ಬಂತು. "ಮಾಹಿತಿ ಸೋರಿಕೆಯಾದ ಬಗ್ಗೆ ಯಾವುದೇ ಪುರಾವೆ ಕಂಡುಬಂದಿಲ್ಲ." ನಮ್ಮ ದಂಧೆಯಲ್ಲಿ ಎಲ್ಲರೂ ಬರೆಯುವ ವಾಕ್ಯ. ಸುಳ್ಳೂ ಅಲ್ಲ. ನನ್ನ ಮೇಲಧಿಕಾರಿ ಒಳ್ಳೆಯ ಮನುಷ್ಯ, ನಾಶಿಕದವರು. ಎಂಬತ್ತು ಜನರ ಸಂಬಳದ ಜವಾಬ್ದಾರಿ ಅವರ ತಲೆಯ ಮೇಲಿತ್ತು. ಆ ಆಸ್ಪತ್ರೆ ನಮ್ಮ ದೊಡ್ಡ ಗಿರಾಕಿ. ಮೂರು ವರ್ಷದ ಕರಾರು ನವೀಕರಣಕ್ಕೆ ಬಂದಿತ್ತು. ನಾನು ಇನ್ನೊಂದು ವಾಕ್ಯ ಸೇರಿಸಬೇಕೆಂದೆ: ನಮ್ಮ ಬಳಿ ಇರುವುದು ಕಳೆದ 180 ದಿನದ ಲಾಗು ಮಾತ್ರ, ಅದಕ್ಕೂ ಹಿಂದಿನದನ್ನು ನಾವು ನೋಡಲಾರೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅವರು ಅದನ್ನ ಕೇಳಿಲ್ಲವಲ್ಲ" ಎಂದರು, ಮರಾಠಿಯಲ್ಲಿ. ಕೇಳಿದ್ದಾರೆ, ಹತ್ತೊಂಬತ್ತು ತಿಂಗಳು ಎಂದು ಬರೆದಿದ್ದಾರೆ ಎಂದೆ.

ವಾದ ಎರಡು ದಿನ ನಡೆಯಿತು. ಧೈರ್ಯಶಾಲಿಯೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಮೊದಲ ರಾತ್ರಿ ಆ ಕರಡಿಗೆ ನಾನೂ ಒಪ್ಪಿಗೆ ಕೊಟ್ಟೇ ಮಲಗಿದ್ದೆ. ಮನೆ ಸಾಲವಿಲ್ಲದಿದ್ದರೂ ಮಗಳ ಶಾಲೆಯ ಫೀ ಇದೆ. ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿದಾಗ ಆಕೆ ಮಾಮೂಲಿಯಂತೆ ತನ್ನ ಸಕ್ಕರೆ ರಿಪೋರ್ಟಿನ ಅಂಕಿ ಓದಿ ಹೇಳಿದಳು. ಅದು ನಮ್ಮ ವ್ಯವಸ್ಥೆಯಿಂದ ಬಂದದ್ದೇನೂ ಅಲ್ಲ, ಬೇರೆ ಲ್ಯಾಬಿನದು. ಆದರೆ ಅಂಥದೇ ಅಂಕಿಗಳು ನಮ್ಮ ಡೇಟಾಬೇಸಿನಲ್ಲಿ ಲಕ್ಷಗಟ್ಟಲೆ ಇವೆ. ಆಫೀಸಿಗೆ ಹೋಗಿ ಒಪ್ಪಿಗೆ ವಾಪಸ್ ತೆಗೆದುಕೊಂಡೆ.

ಪುಣೆಯ ಜನಕ್ಕೆ ಈ ವಿಷಯದಲ್ಲಿ ಒಂದು ನೆನಪಿದೆ. 2018ರ ಆಗಸ್ಟ್ 11 ಮತ್ತು 13ರಂದು ಇಲ್ಲಿನ ಕಾಸ್ಮಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. 28 ದೇಶಗಳ ಎಟಿಎಂಗಳಿಂದ ನಕಲಿ ಕಾರ್ಡುಗಳಲ್ಲಿ ಹಣ ತೆಗೆದರು. ಹಾಂಗ್‌ಕಾಂಗಿನ ಒಂದು ಖಾತೆಗೆ ಸ್ವಿಫ್ಟ್ ಮೂಲಕವೂ ಕಳಿಸಿದರು. ಅದಕ್ಕೂ ಕಂಟೇನರಿಗೂ ಸಂಬಂಧವಿಲ್ಲ. ಆದರೆ ನಮ್ಮ ಬಿಲ್ಡಿಂಗಿನ ನಿವೃತ್ತ ಕಾಕಾಗಳೂ ಅಂದಿನಿಂದ ಮಾಲ್‌ವೇರ್ ಎಂಬ ಶಬ್ದ ಬಲ್ಲರು. ಕಡೆಗೆ ಮೇಲಧಿಕಾರಿಯೇ ಅದನ್ನು ನೆನಪಿಸಿದರು: ಬೇರೆಯವರ ಬಾಯಿಂದ ಗಿರಾಕಿಗೆ ಗೊತ್ತಾಗುವುದಕ್ಕಿಂತ ನಾವೇ ಹೇಳುವುದು ಲೇಸು ಎಂದರು. ಪತ್ರ ಆ ವಾಕ್ಯದೊಂದಿಗೆ ಹೋಯಿತು. ಆಸ್ಪತ್ರೆ ಮೂರು ವರ್ಷಕ್ಕೆ ಬದಲಾಗಿ ಆರು ತಿಂಗಳಿಗೆ ಕರಾರು ಕೊಟ್ಟಿತು, ಪ್ರತಿ ತಿಂಗಳು ಸ್ಕ್ಯಾನ್ ವರದಿ ಕೊಡಬೇಕೆಂಬ ಷರತ್ತಿನ ಮೇಲೆ. ಆ ವರ್ಷ ಬೋನಸ್ ಇರಲಿಲ್ಲ. ಕೆಲವರು ನನ್ನ ಕಡೆ ನೋಡಿ ಸುಮ್ಮನಾದರು.

ಆಮೇಲೆ ಬದಲಿಸಿದ್ದರಲ್ಲಿ ಮುಖ್ಯವಾದದ್ದು ಒಂದೇ: ಕಪಾಟಿನಿಂದ ಎಣಿಸುವುದನ್ನು ಬಿಟ್ಟು ಊಟದ ಪಂಕ್ತಿಯಿಂದ ಎಣಿಸಲು ಶುರು ಮಾಡಿದೆವು. ಕುಬರ್ನೆಟೀಸ್ ಕ್ಲಸ್ಟರಿನಲ್ಲಿ ಈ ಗಳಿಗೆ ನಡೆಯುತ್ತಿರುವ ಕಂಟೇನರುಗಳು ಯಾವುವು, ಅವುಗಳ ಇಮೇಜಿನ ಡೈಜೆಸ್ಟ್ ಏನು ಎಂದು ಕೇಳಿದರೆ ಅದು ಹೇಳುತ್ತದೆ. ಇಮೇಜಿನ ಹೆಸರು, ಟ್ಯಾಗು ಬೇಡ. ಟ್ಯಾಗು ಸುಳ್ಳು ಹೇಳಬಲ್ಲದು, 'ಲೇಟೆಸ್ಟ್' ಎಂದು ಬರೆದುಕೊಂಡ ಹಳಸಲುಗಳನ್ನು ಬೇಕಾದಷ್ಟು ನೋಡಿದ್ದೇನೆ. ಆ ಪಟ್ಟಿಯ ಪಕ್ಕ ಸ್ಕ್ಯಾನ್ ಆದವುಗಳ ಪಟ್ಟಿ ಇಟ್ಟು ಕಳೆಯಿರಿ. ಉಳಿದದ್ದೇ ನಿಮ್ಮ ನಿಜವಾದ ವರದಿ. ಮೊದಲ ಸಲ ಕಳೆದಾಗ ನಮ್ಮಲ್ಲಿ ಹದಿನಾಲ್ಕು ಉಳಿದಿದ್ದವು. ಅದರಲ್ಲಿ ಮೂರು ಏನು ಮಾಡುತ್ತವೆಂದು ಯಾರಿಗೂ ಗೊತ್ತಿರಲಿಲ್ಲ. ನಿಲ್ಲಿಸಿದೆವು, ಯಾರೂ ಕೇಳಲಿಲ್ಲ.

ಕೋಡು ಬದಲಾಗಲಿ ಬಿಡಲಿ, ಪ್ರತಿ ಭಾನುವಾರ ರಾತ್ರಿ ಎಲ್ಲವನ್ನೂ ಹೊಸದಾಗಿ ಕಟ್ಟುತ್ತೇವೆ. 45 ದಿನಕ್ಕಿಂತ ಹಳೆಯ ಇಮೇಜನ್ನು ಕ್ಲಸ್ಟರ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪ್ರತಿ ಇಮೇಜಿನ ಲೇಬಲ್ಲಿನಲ್ಲಿ ಈಗ ಕೆಲಸದಲ್ಲಿರುವ ಒಬ್ಬರ ಹೆಸರಿರಬೇಕು. ಅವರು ಕಂಪನಿ ಬಿಟ್ಟರೆ ಎಚ್‌ಆರ್ ಕಡೆಯ ಪಟ್ಟಿಯಲ್ಲಿ ಲ್ಯಾಪ್‌ಟಾಪ್, ಗುರುತಿನ ಚೀಟಿಯ ಜೊತೆ ಅದೂ ಹಸ್ತಾಂತರವಾಗುತ್ತದೆ. ಕ್ಲೌಡಿನ ಸ್ಕ್ಯಾನರ್ ಅಲ್ಲದೆ ಟ್ರಿವಿ ಎಂಬ ಪುಕ್ಕಟೆ ಉಪಕರಣವನ್ನೂ ಪೈಪ್‌ಲೈನಿನಲ್ಲಿ ಹಾಕಿದ್ದೇವೆ. ಇಬ್ಬರು ಓದಿದರೆ ಒಬ್ಬರು ಬಿಟ್ಟ ಚೀಟಿ ಇನ್ನೊಬ್ಬರಿಗೆ ಸಿಕ್ಕೀತು. ಅವೆರಡರ ಉತ್ತರಗಳು ಎಂದೂ ಪೂರ್ತಿ ಹೊಂದುವುದಿಲ್ಲ ಎಂಬುದನ್ನು ಹೊಸಬರಿಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ.

ಯಾದಿಯನ್ನು ಈಗ ಸರಕಾರವೂ ಕೇಳುತ್ತಿದೆ. ಎಸ್‌ಬಾಮ್, ಅಂದರೆ ಸಾಫ್ಟ್‌ವೇರಿನೊಳಗೆ ಏನೇನಿದೆ ಎಂಬ ಪಟ್ಟಿ, ಹೇಗಿರಬೇಕೆಂದು ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕ ರಕ್ಷಣೆ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡದ ಮಾತಿದೆ. ಈ ಅಂಕಿ ಹೇಳಿದರೆ ಮ್ಯಾನೇಜ್ಮೆಂಟಿನವರು ಸ್ಕ್ಯಾನಿಂಗ್ ಬಿಲ್ಲಿಗೆ ಬೇಗ ಸಹಿ ಹಾಕುತ್ತಾರೆ; ನಿಮಗೆ ಉಪಯೋಗಕ್ಕೆ ಬಂದೀತೆಂದು ಹೇಳಿದೆ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅವ್ವ ಬುತ್ತಿಯ ಗಂಟು ಬಿಚ್ಚಿ ಡಬ್ಬಿಗಳನ್ನು ಒಂದೊಂದಾಗಿ ಫ್ರಿಜ್ಜಿಗೆ ಇಡುತ್ತಿದ್ದಳು. ಒಳಗಿನ ಮೂಲೆಯಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದಳು. "ಇದು ನಾ ಹೋದ ಸಲ ತಂದಿದ್ದ ಹಿಂಡಿಪಾ. ಮುಚ್ಚಳಾ ತಗದs ಇಲ್ಲಲಾ ನೀವು?"

ಕಲಬುರಗಿಯ ಆ ಹುಡುಗಿ ಈಗ ನಮ್ಮ ಪ್ಲಾಟ್‌ಫಾರ್ಮ್ ತಂಡ ನೋಡಿಕೊಳ್ಳುತ್ತಾಳೆ. ಪ್ರತಿ ಸೋಮವಾರ ಹತ್ತಕ್ಕೆ ಖಾಲಿ ಸಾಲುಗಳ ಪಟ್ಟಿ ಆಕೆಯಿಂದ ಎಲ್ಲರಿಗೂ ಬರುತ್ತದೆ. ಮೊನ್ನೆ ಅದರಲ್ಲಿ ಎರಡು ಇದ್ದವು. ಒಂದರ ಲೇಬಲ್ಲಿನಲ್ಲಿ ನನ್ನ ಹೆಸರಿತ್ತು.